ತಂಪು ಬರುವ ದಿಕ್ಕು

ಕಾಯಿಸಿದ ತುಪ್ಪ ಮೆಲ್ಲಗೆ ಆರಿದರೆ ಮರಳುಮರಳಾಗುತ್ತದೆ. ತಣ್ಣೀರಿನಲ್ಲಿಟ್ಟು ಬೇಗ ಆರಿಸಿದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ವಸ್ತು ಒಂದೇ, ಆರಿದ ರೀತಿ ಬೇರೆ. ಪ್ಲಾಸ್ಟಿಕ್ಕಿನ ವಿಷಯದಲ್ಲೂ ಈ ಮಾತು ನಿಜ. ಅಲ್ಲಿ ಆರುವ ವೇಗದ ಜೊತೆಗೆ, ತಂಪು ಯಾವ ದಿಕ್ಕಿನಿಂದ ಬಂದಿತೆಂಬುದೂ ಮುಖ್ಯವಾಗುತ್ತದೆ.

ಬಕೆಟ್ಟು, ಹಗ್ಗಗಳಿಗೆ ಬಳಕೆಯಾಗುವ ಪಾಲಿಪ್ರೊಪಿಲೀನನ್ನೇ ನೋಡೋಣ. ಅದರ ಅಣುಗಳು ಸಾವಿರಾರು ಕೊಂಡಿಗಳ ನೀಳ ಸರಪಣಿಗಳು. ಕರಗಿದಾಗ ಅವು ಸಿಕ್ಕುಬಿದ್ದ ನೂಲಿನಂತಿರುತ್ತವೆ. ಆರುವಾಗ ಮಡಿಮಡಿಯಾಗಿ ಜೋಡಿಕೊಂಡು ತೆಳುವಾದ ಸ್ಫಟಿಕದ ಹಾಳೆಗಳಾಗುತ್ತವೆ. ಸರಪಣಿ ಹೀಗೆ ಮಡಿಚಿಕೊಳ್ಳುವುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕೆಲ್ಲರ್ 1957ರಲ್ಲಿ ಪಾಲಿಎಥಿಲೀನಿನಲ್ಲಿ ಗುರುತಿಸಿದರು. ತಂಪು ಎಲ್ಲೆಡೆಯಿಂದ ಸಮನಾಗಿ ಬಂದರೆ, ಹಾಳೆಗಳು ಅಲ್ಲಲ್ಲಿ ಒಂದೊಂದು ಬೀಜಬಿಂದುವಿನಿಂದ ಹೊರಟು ಸುತ್ತಲೂ ಹರಡಿ ಗೋಳಗಳಾಗುತ್ತವೆ. ಗೋಳ ಗೋಳಕ್ಕೆ ತಾಗುವ ಗಡಿಯಲ್ಲಿ ವಸ್ತು ದುರ್ಬಲ. ಬಿರುಕು ಅನೇಕ ವೇಳೆ ಹುಟ್ಟುವುದು ಅಲ್ಲಿಯೇ.

ಇದಕ್ಕೊಂದು ಉಪಾಯವುಂಟು. ಕರಗಿದ ಪ್ಲಾಸ್ಟಿಕ್ಕನ್ನು ಬಿಸಿಯ ಕಡೆಯಿಂದ ತಂಪಿನ ಕಡೆಗೆ ನಿಧಾನವಾಗಿ ಸರಿಸುವುದು. ಆಗ ಸ್ಫಟಿಕಗಳು ಸುತ್ತಲೂ ಹರಡದೆ, ಬಿಸಿಯ ಕಡೆಗೆ ಮುಖಮಾಡಿ ಸಾಲುಸಾಲಾಗಿ ಬೆಳೆಯುತ್ತವೆ. ಅಮೆರಿಕದಲ್ಲಿ ಲವಿಂಜರ್ ಮತ್ತು ಸಂಗಡಿಗರು ಹೀಗೆ ಬೆಳೆಸಿದ ಪಾಲಿಪ್ರೊಪಿಲೀನಿನಲ್ಲಿ, ಸಾಮಾನ್ಯವಾಗಿ ವಿರಳವಾದ ಬೀಟಾ ಎಂಬ ಸ್ಫಟಿಕರೂಪವೇ ವಿಶೇಷವಾಗಿ ಬೆಳೆದುದನ್ನು 1977ರಲ್ಲಿ ವರದಿ ಮಾಡಿದರು. ದಿಕ್ಕು ಬದಲಾದರೆ ಸಾಲಷ್ಟೇ ಅಲ್ಲ, ರೂಪವೂ ಬದಲಾಗಬಹುದೆಂದಾಯಿತು.

ಆದರೆ ಇದಕ್ಕೆ ತಾಳ್ಮೆ ಬೇಕು. 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈ ಸ್ಫಟಿಕ ನಿಮಿಷಕ್ಕೆ ಬೆಳೆಯುವುದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ನಿಮಿಷಕ್ಕೆ ಅಂಥ ಐದು ಪಾಲೆಂದರೂ ಒಂದು ಸೆಂಟಿಮೀಟರ್ ಸಾಗಲು 33 ಗಂಟೆ! ಅವಸರದಿಂದ ಎಳೆದರೆ ಬೆಳೆಯುವ ಅಂಚು ಹಿಂದುಳಿಯುತ್ತದೆ; ಅದರ ಮುಂದಿನ ದ್ರವ ತಣ್ಣಗಾಗಿ ಹೊಸ ಬೀಜಬಿಂದುಗಳು ಹುಟ್ಟುತ್ತವೆ; ಸಾಲು ಕೆಡುತ್ತದೆ. ಕಾರ್ಖಾನೆಯ ಅಚ್ಚಿನಲ್ಲಿ ಬೇಗಬೇಗನೆ ಆರಿಹೋಗುವ ಬಕೆಟ್ಟಿಗೆ ಈ ಭಾಗ್ಯವೆಲ್ಲಿ?

ನಾರು ಬೆರೆತ ಪ್ಲಾಸ್ಟಿಕ್ಕಿನಲ್ಲಿ ತೊಡಕು ಇನ್ನೂ ಹೆಚ್ಚು. ಕೆಲವು ನಾರುಗಳ ಮೈಮೇಲೆ ಬೀಜಬಿಂದುಗಳು ಒತ್ತೊತ್ತಾಗಿ ಹುಟ್ಟುತ್ತವೆ. ಪಕ್ಕಕ್ಕೆ ಹರಡಲು ಎಡೆಯಿಲ್ಲದೆ, ಸ್ಫಟಿಕಗಳು ನಾರಿಗೆ ಅಡ್ಡಲಾಗಿ ಹೊರಮುಖವಾಗಿ ಬೆಳೆಯುತ್ತವೆ. ಶಾಖ ತೋರುವ ದಿಕ್ಕು ಒಂದು, ನಾರು ತೋರುವ ದಿಕ್ಕು ಮತ್ತೊಂದು. ಎರಡನ್ನೂ ಹೊಂದಿಸುವುದರಲ್ಲಿದೆ ತಯಾರಕನ ಜಾಣ್ಮೆ.

ಇಷ್ಟಾದರೂ ಶಿಸ್ತು ಪುಕ್ಕಟೆಯಾಗಿ ಬರುವುದಿಲ್ಲ. ಸಾಲಿನ ಉದ್ದಕ್ಕೆ ಎಳೆದಾಗ ಗಟ್ಟಿಯಾದದ್ದು ಅಡ್ಡಕ್ಕೆ ಎಳೆದಾಗ ಸೀಳಬಹುದು. ಆದ್ದರಿಂದ ಬಲ ಯಾವ ಕಡೆಯಿಂದ ಬಂದೀತೆಂಬುದನ್ನು ಮೊದಲು ತಿಳಿದು, ತಂಪನ್ನು ಯಾವ ಕಡೆಯಿಂದ ತರಬೇಕೆಂಬುದನ್ನು ಆಮೇಲೆ ನಿರ್ಧರಿಸಬೇಕು.