ವ್ಯಕ್ತಿತ್ವ ವಿಕಸನದ ಪುಸ್ತಕ, ಪಾಡ್‌ಕಾಸ್ಟ್: ನಂಬಿಕೆ ಏನು, ನಿಜ ಏನು?

ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’, ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ಓದಿ ಧೈರ್ಯ ತಂದುಕೊಂಡ ಕನ್ನಡಿಗರು ಊರೂರಲ್ಲೂ ಇದ್ದಾರೆ. ಇಂದಿನ ಯುವಕ ಯುವತಿಯರು ಅದೇ ಹಂಬಲದಿಂದ ಇಂಗ್ಲಿಷ್ ಪುಸ್ತಕ ಕೊಳ್ಳುತ್ತಾರೆ, ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುತ್ತಾರೆ. ಇಷ್ಟು ಒಳ್ಳೆಯ ಹಂಬಲಕ್ಕೆ ಸಿಗುವ ಮಾಹಿತಿಯೂ ಗಟ್ಟಿಯಾಗಿರಬೇಕು. ಆದರೆ ಸಂಶೋಧನೆಯಲ್ಲಿ ಹಲವು ಷರತ್ತುಗಳೊಂದಿಗೆ ಹುಟ್ಟಿದ ಮಾತು ಪುಸ್ತಕಕ್ಕೆ ಬರುವಾಗ ಕೆಲವನ್ನು ಕಳೆದುಕೊಳ್ಳುತ್ತದೆ. ಪಾಡ್‌ಕಾಸ್ಟ್ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಬರೀ ಘೋಷಣೆಯಾಗಿ ಉಳಿಯುತ್ತದೆ. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಯಾವುದನ್ನೇ ಆಗಲಿ 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ.

ಸತ್ಯ: ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಪ್ರಕಟಿಸಿದ ‘ಸೈಕೋ ಸೈಬರ್ನೆಟಿಕ್ಸ್’ ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕೆಂದು ಅವರು ಗಮನಿಸಿದ್ದರು. ಅಭ್ಯಾಸದ ಬಗ್ಗೆ ಅವರು ಪ್ರಯೋಗ ನಡೆಸಿರಲಿಲ್ಲ. ಮಾತು ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಎಂಬುದು ಬಿದ್ದುಹೋಯಿತು. ಅಭ್ಯಾಸವನ್ನೇ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ ಕೆಲವರಿಗೆ 18 ದಿನ ಸಾಕಾಗುವಂತಿತ್ತು, ಕೆಲವರಿಗೆ 254 ದಿನ ಬೇಕಿತ್ತು. ನಡುಮಟ್ಟ 66 ದಿನ. ಊಟದ ಜೊತೆ ನೀರು ಕುಡಿಯುವಂಥ ಸರಳ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮಕ್ಕೆ ಹೆಚ್ಚು ಕಾಲ ಹಿಡಿಯಿತು. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟವಾಗಲಿಲ್ಲ. 22ನೇ ದಿನ ಬೆಳಗಿನ ನಡಿಗೆ ಇನ್ನೂ ಕಷ್ಟವೆನಿಸಿದರೆ ‘ನನಗೆ ಮನೋಬಲವಿಲ್ಲ’ ಎಂದು ಯಾರೂ ನೊಂದುಕೊಳ್ಳಬೇಕಿಲ್ಲ.

ತಪ್ಪು ಕಲ್ಪನೆ 2: 10,000 ಗಂಟೆ ದುಡಿದರೆ ಯಾರು ಬೇಕಾದರೂ ನಿಪುಣರಾಗಬಹುದು.

ಸತ್ಯ: ಮಾಲ್ಕಂ ಗ್ಲಾಡ್‌ವೆಲ್ ಅವರ ‘ಔಟ್‌ಲೈಯರ್ಸ್’ (2008) ಈ ಸಂಖ್ಯೆಯನ್ನು ಮನೆಮಾತಾಗಿಸಿತು. ಅದರ ಹಿಂದಿರುವುದು ಆಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನ. ಅತ್ಯುತ್ತಮರೆನಿಸಿದವರು 20ನೇ ವಯಸ್ಸಿಗೆ ಸರಾಸರಿ ಸುಮಾರು 10,000 ಗಂಟೆ ಒಬ್ಬರೇ ಕುಳಿತು ಸಾಧನೆ ಮಾಡಿದ್ದರು. ಅದು ಸರಾಸರಿ, ಆ ಗುಂಪಿನ ಅರ್ಧದಷ್ಟು ಮಂದಿ ಆ ವಯಸ್ಸಿಗೆ ಅಷ್ಟು ಗಂಟೆ ಮುಟ್ಟಿರಲಿಲ್ಲ ಎಂದು ಎರಿಕ್ಸನ್ನರೇ ತಮ್ಮ ‘ಪೀಕ್’ (2016) ಪುಸ್ತಕದಲ್ಲಿ ಸ್ಪಷ್ಟಪಡಿಸಿದರು. ಅವರು ಒತ್ತುಕೊಟ್ಟದ್ದು ಸಾಧನೆಯ ರೀತಿಗೆ. ಗುರು ತಪ್ಪನ್ನು ಹಿಡಿದು ತೋರಿಸಬೇಕು, ಶಿಷ್ಯ ಆ ತಪ್ಪಿನ ಮೇಲೆಯೇ ಗಮನವಿಟ್ಟು ತಿದ್ದಿಕೊಳ್ಳಬೇಕು. ಸಂಗೀತ ಪಾಠಕ್ಕೆ ಕುಳಿತ ಯಾರಿಗೂ ಇದು ಹೊಸ ವಿಷಯವಲ್ಲ. ಇಷ್ಟಾದರೂ ಸಾಧನೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಸಂಗೀತಗಾರರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಶೇ 21ರಷ್ಟಕ್ಕೆ ಮಾತ್ರ ಸಾಧನೆಯ ಗಂಟೆಗಳು ಕಾರಣ ಒದಗಿಸಿದವು.

ತಪ್ಪು ಕಲ್ಪನೆ 3: ದೊಡ್ಡ ವಿಜ್ಞಾನಿ ಬರೆದ ಪುಸ್ತಕದಲ್ಲಿರುವುದೆಲ್ಲ ಸಾಬೀತಾದ ಸಂಗತಿ.

ಸತ್ಯ: ಡೇನಿಯಲ್ ಕಾಹ್ನೆಮನ್ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ. ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ (2011) ಓದಲೇಬೇಕಾದ ಪುಸ್ತಕ. ಆದರೆ ಅದರಲ್ಲೊಂದು ಅಧ್ಯಾಯ, ಕಣ್ಣಿಗೆ ಬಿದ್ದ ಪದವೊಂದು ನಮಗೆ ಅರಿವಿಲ್ಲದೆ ನಮ್ಮ ನಡವಳಿಕೆಯನ್ನೇ ಬದಲಿಸುತ್ತದೆ ಎಂಬ ಪ್ರಯೋಗಗಳನ್ನು ನೆಚ್ಚಿಕೊಂಡಿತ್ತು. ಅವುಗಳಲ್ಲಿ ಕೆಲವನ್ನು ಬೇರೆಯವರು ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲ. ಕಡಿಮೆ ಜನರನ್ನಿಟ್ಟುಕೊಂಡು ಮಾಡಿದ ಅಧ್ಯಯನಗಳನ್ನು ತಾವು ಅತಿಯಾಗಿ ನಂಬಿದ್ದಾಗಿ ಕಾಹ್ನೆಮನ್ 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಬಳಸಿದಂತೆಲ್ಲ ಮನೋಬಲ ಖರ್ಚಾಗುತ್ತದೆ ಎಂಬ ಸಿದ್ಧಾಂತಕ್ಕೂ ಹೀಗೇ ಆಯಿತು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂತು. ವಿಜ್ಞಾನ ತನ್ನನ್ನು ತಿದ್ದಿಕೊಳ್ಳುತ್ತದೆ. ಮುದ್ರಣವಾದ ಪುಸ್ತಕ, ಹಳೆಯ ಪಾಡ್‌ಕಾಸ್ಟ್ ಕಂತು ತಾವಾಗಿ ತಿದ್ದಿಕೊಳ್ಳವು.

ತಪ್ಪು ಕಲ್ಪನೆ 4: ಗೆದ್ದವರ ಗುಣಗಳನ್ನು ಪಟ್ಟಿಮಾಡಿ ಪಾಲಿಸಿದರೆ ನಾವೂ ಗೆಲ್ಲುತ್ತೇವೆ.

ಸತ್ಯ: ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ (2001) ಅಮೆರಿಕದ 11 ಕಂಪನಿಗಳನ್ನು ಮಾದರಿಯಾಗಿ ಆರಿಸಿತ್ತು. ಅವುಗಳಲ್ಲಿ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಫ್ಯಾನಿ ಮೇ ಕಂಪನಿಯನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕಾಯಿತು. ಗೆದ್ದ ಮೇಲೆ ಹಿಂತಿರುಗಿ ನೋಡಿದರೆ ಪ್ರತಿ ಹೆಜ್ಜೆಯೂ ಜಾಣತನವೆಂದೇ ತೋರುತ್ತದೆ. ಅದೇ ಹೆಜ್ಜೆ ಇಟ್ಟು ಸೋತವರನ್ನು ಯಾರೂ ಪಾಡ್‌ಕಾಸ್ಟಿಗೆ ಕರೆಯುವುದಿಲ್ಲ. ಯಶಸ್ಸಿನ ಕಥೆ ಓದಿ, ಹುರುಪು ಪಡೆಯಿರಿ. ಆದರೆ ಅದನ್ನು ಸೂತ್ರವಾಗಿ ಒಪ್ಪಿಕೊಳ್ಳಬೇಡಿ.

ತಪ್ಪು ಕಲ್ಪನೆ 5: ಮತ್ತೆ ಮತ್ತೆ ಓದಿದರೆ, ಕೇಳಿದರೆ ವಿಷಯ ತಲೆಯಲ್ಲಿ ನಿಲ್ಲುತ್ತದೆ.

ಸತ್ಯ: ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು; ಇನ್ನೊಂದನ್ನು ಒಮ್ಮೆ ಓದಿ, ಹಾಳೆ ಬದಿಗಿಟ್ಟು, ನೆನಪಿದ್ದುದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ಲೆಕ್ಕ ತಿರುಗಿತು: ನೆನೆದು ಬರೆದ ಪಾಠ ಶೇ 56ರಷ್ಟು ಉಳಿದಿತ್ತು, ಬರೀ ಓದಿದ್ದು ಶೇ 42ರಷ್ಟು. ಸಲೀಸಾಗಿ ಓದಿಸಿಕೊಂಡು ಹೋದರೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ. ಕಷ್ಟಪಟ್ಟು ನೆನೆಯುವುದೇ ಕಲಿಕೆ. ನಮ್ಮ ಹಿರಿಯರು ಪಾಠ ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಈ ಗುಣವಿತ್ತು.

ಕೇಳುವುದು ಓದಿಗಿಂತ ಕೀಳೇ ಎಂಬ ಪ್ರಶ್ನೆಯನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಕಥನದಂತೆ ಸಾಗುವ ಪುಸ್ತಕದ ಭಾಗಗಳನ್ನು ಬಳಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೇಳಿದವರಿಗೂ ಓದಿದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಶಾಸ್ತ್ರೀಯ ಲೇಖನವನ್ನು ಪಾಡ್‌ಕಾಸ್ಟ್ ರೂಪದಲ್ಲಿ ಕೇಳಿದ ಕಾಲೇಜು ವಿದ್ಯಾರ್ಥಿಗಳಾದರೋ ಓದಿದವರಿಗಿಂತ ಹಿಂದೆ ಬಿದ್ದರು. ಜೀವನಚರಿತ್ರೆ, ಇತಿಹಾಸದ ಕಥೆ ಕಿವಿಗೆ ಸಲ್ಲುತ್ತವೆ. ವಾದ, ಅಂಕಿಅಂಶ ತುಂಬಿದ್ದನ್ನು ನಿಂತು, ಹಿಂದಿರುಗಿ ನೋಡಲು ಪುಟವೇ ಬೇಕು.

ತಪ್ಪು ಕಲ್ಪನೆ 6: ಜಗತ್ತನ್ನು ಅರಿಯುವ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇವೆ.

ಸತ್ಯ: ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು 1936ರಲ್ಲೇ ಹೊರತಂದರು, ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವದಿಂದ ಬರೆದ ‘ಹಸಿರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ತೇಜಸ್ವಿ, ನಾಗೇಶ ಹೆಗಡೆ ಇದೇ ದಾರಿಯನ್ನು ಅಗಲ ಮಾಡಿದರು. ಸ್ವಾಮಿಯವರು ಬರೆದದ್ದು ತಾವೇ ದುಡಿದ ಕ್ಷೇತ್ರದ ಬಗ್ಗೆ. ಅಂಥ ಬರಹದಲ್ಲಿ ಷರತ್ತುಗಳು ಸುಲಭಕ್ಕೆ ಕಳೆದುಹೋಗುವುದಿಲ್ಲ.

ಆದ್ದರಿಂದ ಓದುವುದನ್ನೂ ಕೇಳುವುದನ್ನೂ ಬಿಡಬೇಡಿ, ಪ್ರಶ್ನೆ ಕೇಳುವುದನ್ನು ಮಾತ್ರ ಸೇರಿಸಿಕೊಳ್ಳಿ. ಮುಂದಿನ ಸಲ ಪುಸ್ತಕವೋ ಪಾಡ್‌ಕಾಸ್ಟೋ ಒಂದು ಸಂಖ್ಯೆಯನ್ನು ನಿಮ್ಮ ಮುಂದಿಟ್ಟಾಗ ವಿಚಾರಿಸಿ: ಯಾರ ಮೇಲೆ ಅಧ್ಯಯನ ನಡೆಯಿತು? ಎಷ್ಟು ಜನ ಇದ್ದರು? ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ? ಒಂದು ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ನಿಮ್ಮದೇ ಕನ್ನಡದಲ್ಲಿ ಐದು ಸಾಲು ಬರೆಯಿರಿ. ವರ್ಷಕ್ಕೆ ಐವತ್ತು ಪುಸ್ತಕ ಮುಗಿಸಿದ ಹೆಮ್ಮೆಗಿಂತ, ಹೀಗೆ ಓದಿದ ಐದು ಪುಸ್ತಕ ನಿಮ್ಮನ್ನು ಹೆಚ್ಚು ಬೆಳೆಸುತ್ತವೆ.