ಖಂಡಗಳ ನಡುವೆ ಎರಡು ಹೊಳೆ

ಇಸ್ತಾಂಬುಲ್‌ನ ಕರಾಕೊಯ್‌ನಲ್ಲಿ ಫೆರಿ ಹತ್ತಿದರೆ ಇಪ್ಪತ್ತು ನಿಮಿಷದಲ್ಲಿ ಕಡಿಕೊಯ್. ಹತ್ತಿದ್ದು ಯುರೋಪಿನಲ್ಲಿ, ಇಳಿದದ್ದು ಏಷ್ಯಾದಲ್ಲಿ. ಸಂಜೆಯ ಹೊತ್ತು ಕೆಲಸ ಮುಗಿಸಿ ಮನೆಗೆ ಹೊರಟವರೇ ಹೆಚ್ಚು. ಖಂಡ ಬದಲಾಗುವುದನ್ನು ನೋಡಲು ಯಾರೂ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ ಕೈಗೆ ಬರುತ್ತದೆ. ಎಳ್ಳು ಮೆತ್ತಿದ ಸಿಮಿತ್ ಬ್ರೆಡ್ಡಿನ ಚೂರಿಗಾಗಿ ಕಡಲಹಕ್ಕಿಗಳು ಕಂಬಿಯ ಪಕ್ಕದಲ್ಲೇ ಹಾರುತ್ತ ಜೊತೆಗೆ ಬರುತ್ತವೆ. ಹಿಂದೆ ತೋಪ್‌ಕಾಪಿ ಅರಮನೆ ಸರಿಯುತ್ತದೆ, ಎದುರಿಗೆ ಹೈದರ್‌ಪಾಶಾ ರೈಲು ನಿಲ್ದಾಣ ದೊಡ್ಡದಾಗುತ್ತ ಹೋಗುತ್ತದೆ.

ಪದವಿಯ ಮೊದಲ ವರ್ಷದಲ್ಲಿ ವಿಶ್ವ ಪ್ರಾದೇಶಿಕ ಭೂಗೋಳ ಓದಿದವರಿಗೆ ಈ ಫೆರಿಯಲ್ಲಿ ಸುಮ್ಮನೆ ಕೂರುವುದು ಕಷ್ಟ. ಪಠ್ಯದಲ್ಲಿ ಯುರೋಪ್ ಒಂದು ಅಧ್ಯಾಯ, ನೈಋತ್ಯ ಏಷ್ಯಾ ಇನ್ನೊಂದು, ನಡುವೆ ದಪ್ಪ ಗೆರೆ. ಆ ಗೆರೆಯ ಆಚೀಚೆ ಸುಮಾರು ಒಂದೂವರೆ ಕೋಟಿ ಜನರ ಒಂದೇ ನಗರ ಹರಡಿಕೊಂಡಿದೆ; ಸುಮಾರು ಮೂರರಲ್ಲಿ ಒಂದು ಪಾಲು ಜನ ಏಷ್ಯಾ ದಡದಲ್ಲಿದ್ದಾರೆ. 1973ರಲ್ಲಿ ಮೊದಲ ತೂಗುಸೇತುವೆ ಬಂತು, 2013ರಲ್ಲಿ ಸಮುದ್ರದಡಿಯ ಮರ್ಮರಾಯ್ ರೈಲು ಸುರಂಗ.

ಆದರೆ ಇಲ್ಲಿನ ನಿಜವಾದ ವಿಸ್ಮಯ ಇರುವುದು ಫೆರಿಯ ತಳದ ಕೆಳಗೆ.

ಬಾಸ್ಫರಸ್ ಜಲಸಂಧಿ ಸುಮಾರು 30 ಕಿಲೋಮೀಟರ್ ಉದ್ದ. ತೀರ ಕಿರಿದಾದ ಕಡೆ ಅಗಲ 700 ಮೀಟರ್ ಆಸುಪಾಸು. ಅಷ್ಟರೊಳಗೇ ಎರಡು ಹೊಳೆಗಳು ಒಂದರ ಮೇಲೊಂದು, ಎದುರುಬದುರು ದಿಕ್ಕಿಗೆ ಹರಿಯುತ್ತವೆ. ಡ್ಯಾನ್ಯೂಬ್, ನೀಪರ್, ಡಾನ್ ನದಿಗಳು ಸುರಿಯುವ ಸಿಹಿನೀರಿನಿಂದ ಕಪ್ಪು ಸಮುದ್ರದ ಮೇಲ್ಪದರ ಹಗುರಾಗಿದೆ, ಅದರ ಮಟ್ಟವೂ ತುಸು ಎತ್ತರ. ಹಾಗಾಗಿ ಮೇಲಿನ ನೀರು ದಕ್ಷಿಣಕ್ಕೆ, ಮರ್ಮರ ಸಮುದ್ರದತ್ತ ಇಳಿಯುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬಂದ, ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಉಪ್ಪಿನ ಭಾರವಾದ ನೀರು ತಳ ಹಿಡಿದು ಉತ್ತರಕ್ಕೆ ಸಾಗುತ್ತದೆ.

ಇಲ್ಲಿನ ಮೀನುಗಾರರಿಗೆ ಇದು ಹಳೆಯ ಸುದ್ದಿ. ಆಳಕ್ಕೆ ಬಿಟ್ಟ ಬಲೆಯನ್ನು ನೀರು ಮೇಲಿನ ಸೆಳೆತದ ವಿರುದ್ಧ ದಿಕ್ಕಿಗೆ ಎಳೆಯುತ್ತದೆಂದು ಅವರು ಹೇಳುತ್ತಿದ್ದುದನ್ನು 6ನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ಅದನ್ನು ಅಳೆದು ತೋರಿಸಿದವನು ಬೊಲೋನ್ಯದ ಲುಯಿಜಿ ಫೆರ್ಡಿನಾಂಡೊ ಮಾರ್ಸಿಲಿ. 1679ರಲ್ಲಿ ವೆನಿಸ್‌ನ ರಾಯಭಾರಿಯ ಪರಿವಾರದ ಜೊತೆ ಇಲ್ಲಿಗೆ ಬಂದಾಗ ಅವನಿಗೆ ವಯಸ್ಸು ಇಪ್ಪತ್ತರ ಆಚೀಚೆ. ಭಾರ ಕಟ್ಟಿದ ಹಗ್ಗಕ್ಕೆ ಬಿಳಿ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಪೋಣಿಸಿ ದೋಣಿಯಿಂದ ನೀರಿಗೆ ಇಳಿಬಿಟ್ಟ. ಮೇಲಿನ ಬೆಂಡುಗಳು ಮರ್ಮರದ ಕಡೆಗೆ ವಾಲಿದವು. ಇನ್ನೂ ಆಳಕ್ಕೆ ಬಿಟ್ಟಾಗ ಕೆಳಗಿನವು ಕಪ್ಪು ಸಮುದ್ರದ ಕಡೆಗೆ ತಿರುಗಿದವು.

ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಬೇರೆ ಬೇರೆ ಕಡೆಯ ನೀರು ತೂಗಿ ನೋಡಿದ. ತೊಟ್ಟಿಯೊಂದಕ್ಕೆ ನಡುವೆ ಹಲಗೆ ಇಟ್ಟು ಒಂದು ಬದಿಗೆ ಭಾರದ ನೀರು, ಇನ್ನೊಂದು ಬದಿಗೆ ಹಗುರ ನೀರು ತುಂಬಿ, ಹಲಗೆಯ ಮೇಲೂ ಕೆಳಗೂ ಒಂದೊಂದು ತೂತು ತೆರೆದ. ಭಾರದ ನೀರು ಕೆಳತೂತಿನಿಂದ ಆಚೆ ಹೋಯಿತು, ಹಗುರ ನೀರು ಮೇಲಿನದರಿಂದ ಈಚೆ ಬಂತು. ಸಮುದ್ರದ ಪ್ರವಾಹಕ್ಕೆ ಗಾಳಿಯಷ್ಟೇ ಅಲ್ಲ, ನೀರಿನ ಸಾಂದ್ರತೆಯೂ ಕಾರಣ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಬೇಕೆ? 1681ರಲ್ಲಿ ರೋಮ್‌ನಲ್ಲಿ ಈ ಅವಲೋಕನಗಳು ಅಚ್ಚಾದವು. ಇಂದಿನ ಯಾವ ಕಾಲೇಜಿನಲ್ಲೂ ಒಂದು ಮೀನಿನ ತೊಟ್ಟಿ, ಹಿಡಿ ಉಪ್ಪು, ಒಂದಿಷ್ಟು ಶಾಯಿ ಇದ್ದರೆ ಇದನ್ನು ಮತ್ತೆ ಮಾಡಿ ತೋರಿಸಬಹುದು. ಮಾಡಿ ತೋರಿಸಲೇಬೇಕು.

ಖಂಡಗಳ ಗೆರೆಯ ಚರಿತ್ರೆ ಇಷ್ಟು ಗಟ್ಟಿಯಲ್ಲ. ಒಂದೇ ಆದ ಭೂಮಿಗೆ ಮೂರು ಹೆಸರು ಏಕೆಂದು ಹೆರೊಡೋಟಸ್ ಕ್ರಿ.ಪೂ. 5ನೇ ಶತಮಾನದಲ್ಲೇ ಕೇಳಿದ್ದ. ಬಹುಕಾಲ ಡಾನ್ ನದಿಯೇ ಯುರೋಪಿನ ಪೂರ್ವದ ಎಲ್ಲೆಯಾಗಿತ್ತು. 1709ರ ಪೊಲ್ಟಾವ ಯುದ್ಧದಲ್ಲಿ ಸೆರೆಸಿಕ್ಕು ಸೈಬೀರಿಯಾದ ತೊಬೊಲ್ಸ್ಕ್ ಸೇರಿದ ಸ್ವೀಡಿಷ್ ಸೇನಾಧಿಕಾರಿ ಫಿಲಿಪ್ ಯೊಹಾನ್ ಫಾನ್ ಸ್ಟ್ರಾಲೆನ್‌ಬರ್ಗ್, ಬಿಡುಗಡೆಯಾದ ಮೇಲೆ 1730ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಲ್ಲೆಯನ್ನು ಉರಲ್ ಪರ್ವತಕ್ಕೆ ಸರಿಸಿದ. ಆ ಆಲೋಚನೆ ತನ್ನದೆಂದು ರಷ್ಯದ ತತಿಶ್ಚೇವ್ ಹೇಳಿಕೊಂಡ. ಇಂದು ಅಟ್ಲಾಸ್‌ಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ ಗೆರೆ.

ಹೀಗಿರುವಾಗ ಟರ್ಕಿಯನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕು? ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಅದನ್ನು ಪಶ್ಚಿಮ ಏಷ್ಯಾದಲ್ಲಿ ಇಡುತ್ತದೆ. ಅಲ್ಲಿನ ಫುಟ್‌ಬಾಲ್ ತಂಡ ಆಡುವುದು ಯುರೋಪಿನ ಒಕ್ಕೂಟದಲ್ಲಿ. 1952ರಿಂದ ದೇಶ ನ್ಯಾಟೋ ಸದಸ್ಯ. ಸೈಪ್ರಸ್ ಅದೇ ಅಂಕಿಅಂಶದ ಪಟ್ಟಿಯಲ್ಲಿ ಪಶ್ಚಿಮ ಏಷ್ಯಾದ್ದು, 2004ರಿಂದ ಯುರೋಪಿಯನ್ ಒಕ್ಕೂಟದ್ದೂ ಹೌದು. 1971ರಲ್ಲಿ ಹಾರ್ಮ್ ಡಿ ಬ್ಲೈ ಬರೆದು ಅಮೆರಿಕದ ಕಾಲೇಜುಗಳಲ್ಲಿ ಮನೆಮಾತಾದ ಪಠ್ಯವೂ ಜಗತ್ತನ್ನು ವಲಯಗಳಾಗಿ ವಿಂಗಡಿಸಿತು, ಆದರೆ ಅವುಗಳ ಅಂಚಿನಲ್ಲಿ ಸಂಕ್ರಮಣ ಪಟ್ಟಿಗಳಿಗೂ ಜಾಗ ಕೊಟ್ಟಿತು. ಪರೀಕ್ಷೆಯ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಪಟ್ಟಿಗಳೇ. ದೇಶ, ರಾಜಧಾನಿ, ಮುಖ್ಯ ಬೆಳೆ ಎಂದು ಉರು ಹೊಡೆದ ವಿದ್ಯಾರ್ಥಿಗೆ ಅಂಕ ಸಿಗುತ್ತದೆ. ಒಂದು ಪ್ರದೇಶ ಇನ್ನೊಂದರೊಳಗೆ ಹೇಗೆ ಹರಿಯುತ್ತದೆ ಎಂಬುದು ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಇದು ಹೊಸದಾಗಬೇಕಿಲ್ಲ. ಆಗುಂಬೆಯ ಮಳೆಗೂ ಚಳ್ಳಕೆರೆಯ ಒಣನೆಲಕ್ಕೂ ನಡುವೆ ಅರೆಮಲೆನಾಡು ಇದೆ ಎಂಬುದನ್ನು ಅವರು ಬಸ್ಸಿನ ಕಿಟಕಿಯಲ್ಲೇ ಕಂಡಿರುತ್ತಾರೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಈ ಜಲಸಂಧಿ ಕನ್ನಡಿಗರ ಒಗ್ಗರಣೆಯನ್ನೂ ತಟ್ಟಿತು. ಭಾರತ ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಗಳದ್ದು. ಕಪ್ಪು ಸಮುದ್ರದ ಬಂದರುಗಳಲ್ಲಿ ಸಾಗಣೆ ನಿಂತು ಅಂಗಡಿಯಲ್ಲಿ ಎಣ್ಣೆಯ ಬೆಲೆ ಏರಿತು. ಟರ್ಕಿಯು 1936ರ ಮಾಂಟ್ರೋ ಒಪ್ಪಂದವನ್ನು ಮುಂದಿಟ್ಟು ಯುದ್ಧನಿರತ ದೇಶಗಳ ಸಮರನೌಕೆಗಳಿಗೆ ದಾರಿ ಮುಚ್ಚಿತು. ಅದೇ ಜುಲೈನಲ್ಲಿ ಧಾನ್ಯ ಸಾಗಣೆಯ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಸ್ತಾಂಬುಲ್‌ನಲ್ಲಿಯೇ. ಒಂದು ಎಣ್ಣೆ ಪ್ಯಾಕೆಟ್ಟಿನ ದಾರಿಯನ್ನು ಒಡೆಸ್ಸಾದಿಂದ ಬಾಸ್ಫರಸ್, ಡಾರ್ಡನೆಲ್ಸ್, ಸೂಯೆಜ್ ದಾಟಿಸಿ ನಮ್ಮ ಪಶ್ಚಿಮ ಕರಾವಳಿಯ ಬಂದರಿನವರೆಗೆ ಭೂಪಟದ ಮೇಲೆ ಬರೆಯಲು ಹಚ್ಚುವ ಅಧ್ಯಾಪಕರು, ಮೊದಲ ವಾರದಲ್ಲೇ ಪಠ್ಯದ ಮೂರು ನಾಲ್ಕು ಅಧ್ಯಾಯಗಳನ್ನು ಒಟ್ಟಿಗೆ ತೆರೆಸಿರುತ್ತಾರೆ.