ಕೇಳಿಸುವ ಮುನ್ನ ಕೇಳೋಣ

ಅಂಧ ಬಂಧುಗಳ ಮೊಬೈಲಿನಲ್ಲಿ ಭಕ್ತಿಗೀತೆಗಳ ವಾಹಿನಿಯೊಂದನ್ನು ಹಾಕಿಕೊಟ್ಟು, ಸೇವೆ ಸಲ್ಲಿಸಿದೆವೆಂದು ನಾವು ತೃಪ್ತರಾಗುತ್ತೇವೆ. ಅವರಿಗೆ ಬೇಕಾದುದು ಕ್ರಿಕೆಟ್ ವಿವರಣೆಯೋ, ಉದ್ಯೋಗವಾರ್ತೆಯೋ ಎಂದು ವಿಚಾರಿಸಿದ್ದೇವೆಯೇ? 1961ರಲ್ಲಿ ಬಿಬಿಸಿ ರೇಡಿಯೊ ಆರಂಭಿಸಿದ ‘ಇನ್ ಟಚ್’ ಕಾರ್ಯಕ್ರಮವು ಅಂಧರ ದೈನಂದಿನ ಬದುಕನ್ನೇ ಚರ್ಚಿಸುತ್ತ ಬಂದಿದ್ದು, ಈಗ ಪಾಡ್‌ಕಾಸ್ಟ್ ರೂಪದಲ್ಲಿಯೂ ಲಭ್ಯವಿದೆ. ಭಾರತದಲ್ಲಿ ದೃಷ್ಟಿವಿಕಲರೇ 2014ರಲ್ಲಿ ‘ರೇಡಿಯೊ ಉಡಾನ್’ ಎಂಬ ಅಂತರ್ಜಾಲ ಬಾನುಲಿಯನ್ನು ಹುಟ್ಟುಹಾಕಿದರು. ಆಕಾಶವಾಣಿಯ ಕನ್ನಡ ಕೇಂದ್ರಗಳೂ ಆ್ಯಪಿನ ಮೂಲಕ ಮನೆಗೆ ಬರುತ್ತವೆ.

ಆ್ಯಪನ್ನು ಆರಿಸುವಾಗ, ಪರದೆಯನ್ನು ಓದಿಹೇಳುವ ‘ಟಾಕ್‌ಬ್ಯಾಕ್’ ಸೌಲಭ್ಯವನ್ನು ತೆರೆದು, ನಾವೊಮ್ಮೆ ಕಣ್ಮುಚ್ಚಿ ಪರೀಕ್ಷಿಸೋಣ. ಅದು ‘ಹೆಸರಿಲ್ಲದ ಗುಂಡಿ’ ಎಂದಷ್ಟೇ ನುಡಿದರೆ, ಎಷ್ಟೇ ಉತ್ತಮ ಕಾರ್ಯಕ್ರಮವಿದ್ದರೂ ಆ ಬಾಗಿಲು ಅವರಿಗೆ ಮುಚ್ಚಿದಂತೆಯೇ. ಬಾಗಿಲನ್ನು ತೆರೆದುಕೊಡುವುದು ನಮ್ಮ ಕರ್ತವ್ಯ. ಒಳಗೇನಿದೆಯೆಂದು ಆರಿಸಿಕೊಳ್ಳುವ ಹಕ್ಕು ಅವರದು.